ಕೆರೆಯಲ್ಲಿ ಹಕ್ಕಿಗೂ ಜಾಗವಿದೆ, ಎಮ್ಮೆಗೂ ಜಾಗವಿದೆ



ಪಶುವೈದ್ಯರು ಈ ಪತ್ರಿಕೆಯಲ್ಲಿ ಬರೆದರೆ ಕೆಚ್ಚಲು ಬಾವು, ಕಾಲುಬಾಯಿ ಲಸಿಕೆ, ಖನಿಜ ಮಿಶ್ರಣ ಇವೇ ವಿಷಯ ಎಂದು ನಿಮಗೆ ಗೊತ್ತು. ಈ ಸಲ ಹಕ್ಕಿಗಳ ವಿಷಯ ತೆಗೆದಿದ್ದೇನೆ. 'ಡಾಕ್ಟರಿಗೆ ಕೆಲಸ ಕಡಿಮೆಯಾಗಿದೆಯೇನು' ಎಂದು ನಗಬೇಡಿ. ಕೊನೆಯವರೆಗೆ ಓದಿ. ಮಾತು ಸುತ್ತಿ ಬಂದು ನಿಮ್ಮ ಹಾಲಿನ ಲೆಕ್ಕದ ಪುಸ್ತಕದ ಹತ್ತಿರವೇ ನಿಲ್ಲುತ್ತದೆ.

ಚಳಿಗಾಲಕ್ಕೆಂದು ನಮ್ಮ ಕೆರೆಗಳಿಗೆ ಬಂದ ಹಕ್ಕಿಗಳು ಫೆಬ್ರವರಿ, ಮಾರ್ಚ್ ಹೊತ್ತಿಗೆ ಉತ್ತರದ ಕಡೆ ಹೊರಡುತ್ತವೆ. ಫೆಬ್ರವರಿ 2 ವಿಶ್ವ ಜೌಗುಭೂಮಿ ದಿನ. ಅದರ ಆಸುಪಾಸಿನಲ್ಲಿ ಅರಣ್ಯ ಇಲಾಖೆಯವರು, ಪಕ್ಷಿಪ್ರಿಯರು, ಶಾಲೆ-ಕಾಲೇಜಿನವರು ಸೇರಿ ಅಲ್ಲಲ್ಲಿ ಹಕ್ಕಿ ಹಬ್ಬ, ಕೆರೆ ಹಬ್ಬ ಎಂದು ನಡೆಸುವುದು ಈಚಿನ ವರ್ಷಗಳಲ್ಲಿ ಹೆಚ್ಚಾಗಿದೆ. ಬೆಳಗಿನ ಜಾವ ದುರ್ಬೀನು ಹಿಡಿದು ಏರಿಯ ಮೇಲೆ ನಡೆಯುತ್ತಾರೆ, ಹಕ್ಕಿ ಎಣಿಸುತ್ತಾರೆ, ಮಕ್ಕಳಿಗೆ ಹೆಸರು ಕಲಿಸುತ್ತಾರೆ. ಒಳ್ಳೆಯ ಕೆಲಸ, ನನಗೆ ಬಹಳ ಸಂತೋಷ. ಆದರೆ ಇಂಥ ಹಬ್ಬದ ತಯಾರಿಯಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: 'ಆ ಎರಡು ದಿನ ದನ-ಎಮ್ಮೆ ಯಾವುದೂ ಕೆರೆಯ ಕಡೆ ಬರಕೂಡದು.' ಹೀಗೆ ಹೇಳುವಾಗ ಆ ದನ-ಎಮ್ಮೆ ಯಾರವು, ಆ ಎರಡು ದಿನ ಅವು ಏನು ತಿನ್ನಬೇಕು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ನೀವು ಆ ಸಭೆಯಲ್ಲಿ ಇರುವುದೂ ಇಲ್ಲ.

ನನ್ನ ಅಭಿಪ್ರಾಯ ಇಷ್ಟು. ಕೆರೆಯಲ್ಲಿ ಹಕ್ಕಿಯೂ ಎಮ್ಮೆಯೂ ಒಟ್ಟಿಗೆ ಇರಬಹುದು. ಅದಕ್ಕೆ ಹಬ್ಬ ಮಾಡುವವರು ಕೆಲವು ನಿಯಮ ಪಾಲಿಸಬೇಕು, ನಾವೂ ಕೆಲವು ಪಾಲಿಸಬೇಕು. ಆ ನಿಯಮ ಮಾಡುವ ಜಾಗದಲ್ಲಿ ನೀವು ಕುಳಿತಿರಬೇಕು.

ಮೊದಲು ಈ ಹಕ್ಕಿಗಳು ಎಂಥವು ಎಂದು ನೋಡೋಣ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಹೆಸರು ನೀವು ಕೇಳಿರಬಹುದು. ಸುಮಾರು 50 ಹೆಕ್ಟೇರಿನ ಈ ಕೆರೆ ತಾನಾಗಿ ಹುಟ್ಟಿದ್ದಲ್ಲ. ಮಳೆನೀರು ಹಿಡಿದಿಟ್ಟು ಹೊಲಕ್ಕೆ ಹರಿಸಲು ಜನರೇ ಕಟ್ಟಿದ್ದು. ಇಲ್ಲಿ 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಗುರುತಿಸಿದ್ದಾರೆ, ಅವುಗಳಲ್ಲಿ 130 ವಲಸೆ ಬರುವಂಥವು. ಪಟ್ಟೆತಲೆ ಹೆಬ್ಬಾತು ಎಂಬ ಹಕ್ಕಿಯೊಂದೇ ಚಳಿಗಾಲದಲ್ಲಿ ಸುಮಾರು 8,000 ಬರುತ್ತದೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುತ್ತವೆ, ಅದರಿಂದಲೇ ಈ ಹೆಸರು. 2024ರ ಜನವರಿಯಲ್ಲಿ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ, ಈ ಮೂರೂ ರಾಮ್ಸಾರ್ ಪಟ್ಟಿಗೆ ಸೇರಿದವು. ಅದಕ್ಕೂ ಮೊದಲು 2022ರಲ್ಲಿ ರಂಗನತಿಟ್ಟು ಸೇರಿತ್ತು. 1971ರಲ್ಲಿ ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ ದೇಶ ದೇಶಗಳು ಕೂಡಿ ಮಾಡಿಕೊಂಡ ಒಪ್ಪಂದದಿಂದ ಆ ಹೆಸರು ಬಂತು. ಕೆರೆಯನ್ನು ಮುಟ್ಟಲೇಬಾರದು ಎಂದು ಆ ಒಪ್ಪಂದ ಹೇಳುವುದಿಲ್ಲ. ಹಾಳಾಗದಂತೆ ವಿವೇಕದಿಂದ ಬಳಸಿ ಎನ್ನುತ್ತದೆ. ಅದು ನಮ್ಮ ಹಿರಿಯರಿಗೂ ಗೊತ್ತಿದ್ದ ಮಾತೇ.

ಈ ಹೆಬ್ಬಾತು ಮಂಗೋಲಿಯ, ಟಿಬೆಟ್, ನಮ್ಮ ಲಡಾಖಿನಂಥ ಎತ್ತರದ ಪ್ರದೇಶಗಳ ಕೆರೆದಂಡೆಯಲ್ಲಿ ಮರಿ ಮಾಡುತ್ತದೆ. ಅಲ್ಲಿಯೂ ಕುರಿ, ಆಡು, ಯಾಕ್ ಮೇಯಿಸುವ ಜನರೇ ಇದ್ದಾರೆ. ಅಂದರೆ ಹುಟ್ಟಿದ ಊರಿನಲ್ಲೂ ಅದು ಮೇಯುವ ಪ್ರಾಣಿಗಳ ನಡುವೆಯೇ ಬೆಳೆದದ್ದು. ತಿರುಗಿ ಹೋಗುವಾಗ ಹಿಮಾಲಯ ದಾಟಬೇಕು. ಬೆನ್ನಿಗೆ ಸಣ್ಣ ಯಂತ್ರ ಕಟ್ಟಿ ನೋಡಿದ ವಿಜ್ಞಾನಿಗಳು ಇವು 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದನ್ನು ದಾಖಲಿಸಿದ್ದಾರೆ. ಅಂಥ ಪ್ರಯಾಣಕ್ಕೆ ಮೈಯಲ್ಲಿ ಕೊಬ್ಬು ಬೇಕು. ಗಬ್ಬದ ಆಕಳಿಗೆ ಕೊನೆಯ ಎರಡು ತಿಂಗಳು ಹಾಲು ಬತ್ತಿಸಿ ಚೆನ್ನಾಗಿ ಮೇಯಿಸಿ ಎಂದು ನಾವು ಹೇಳುತ್ತೇವಲ್ಲ? ಹೊರಡುವ ಮುಂಚಿನ ವಾರಗಳು ಹೆಬ್ಬಾತಿಗೆ ಹಾಗೆಯೇ. ಹೊಲದಲ್ಲಿ ಮೇಯ್ದು ಬಂದು ನೀರಿನಲ್ಲಿ ದಣಿವಾರಿಸಿಕೊಳ್ಳುವ ಹೊತ್ತಿನಲ್ಲಿ ಪದೇ ಪದೇ ಎಬ್ಬಿಸಿದರೆ ತಿಂದದ್ದು ಹಾರಾಟದಲ್ಲೇ ಕರಗಿಹೋಗುತ್ತದೆ.

ಹಾಗಾದರೆ ಎಬ್ಬಿಸುವವರು ಯಾರು? ದಿನಾ ಅದೇ ಹೊತ್ತಿಗೆ ಬಂದು, ತಲೆ ತಗ್ಗಿಸಿ, ಹೆಜ್ಜೆ ಹೆಜ್ಜೆಗೆ ಮೇಯುವ ಎಮ್ಮೆ ಹಕ್ಕಿಗಳಿಗೆ ಪರಿಚಿತ. ಗುಂಪು ಕಟ್ಟಿ ನೀರಿನ ಅಂಚಿಗೆ ಓಡಿಬರುವ ಮನುಷ್ಯರು, ಮೈಕು, ಮೇಲೆ ಹಾರಿಸುವ ಡ್ರೋನು, ಹಿಂದೆ ಬರುವ ನಾಯಿ, ಇವು ಅಪರಿಚಿತ. ಎಮ್ಮೆಯನ್ನು ಹೊರಗಿಟ್ಟು ಮೈಕನ್ನು ಒಳಗೆ ಬಿಟ್ಟರೆ ಅದು ಹಕ್ಕಿಯ ಹಬ್ಬ ಹೇಗಾದೀತು?

ಕೆಲವು ಹಕ್ಕಿಗಳಂತೂ ದನದ ಕಾಲಡಿಯಲ್ಲೇ ಬದುಕುತ್ತವೆ. ಗೋವಕ್ಕಿಯನ್ನು ನೀವು ದಿನಾ ನೋಡುತ್ತೀರಿ. ಆಕಳು ಹೆಜ್ಜೆಯಿಟ್ಟಾಗ ಹುಲ್ಲಿನಿಂದ ಹಾರುವ ಮಿಡತೆ, ನೊಣಗಳನ್ನು ಅದು ಹಿಡಿಯುತ್ತದೆ. ಆಗೊಮ್ಮೆ ಈಗೊಮ್ಮೆ ಉಣ್ಣೆಯನ್ನೂ ಹೆಕ್ಕುತ್ತದೆ. ಚಳಿಗಾಲದಲ್ಲಿ ದೂರದಿಂದ ಬರುವ ಹಳದಿ ಸಿಪಿಲೆಯೂ ಹಾಗೆಯೇ. ಬಾಲ ಕುಣಿಸುತ್ತಾ ಮೇಯುವ ದನದ ಮೂತಿಯ ಹತ್ತಿರವೇ ಓಡಾಡಿ ನೊಣ ಹಿಡಿಯುತ್ತದೆ. ದನ ಬಾರದ ಕೆರೆಯಂಗಳದಲ್ಲಿ ಸಿಪಿಲೆಗೆ ಊಟ ಬಡಿಸುವವರು ಯಾರು?

ಮೇಯುವುದನ್ನು ಏಕಾಏಕಿ ನಿಲ್ಲಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ದೇಶದಲ್ಲೇ ಒಂದು ಪಾಠವಿದೆ. ರಾಜಸ್ಥಾನದ ಭರತಪುರದಲ್ಲಿ ಕೇವಲಾದೇವ ಎಂಬ ಹೆಸರಾಂತ ಪಕ್ಷಿಧಾಮವಿದೆ. ಸುತ್ತಲ ಹಳ್ಳಿಗಳ ಎಮ್ಮೆಗಳು ತಲೆತಲಾಂತರದಿಂದ ಅಲ್ಲಿ ಮೇಯುತ್ತಿದ್ದವು. ಅದು ರಾಷ್ಟ್ರೀಯ ಉದ್ಯಾನವಾದ ಮೇಲೆ, 1982ರಲ್ಲಿ, ಮೇಯಿಸುವುದನ್ನು ನಿಷೇಧಿಸಿದರು. ಜನ ಪ್ರತಿಭಟಿಸಿದರು, ಪೊಲೀಸರು ಗುಂಡು ಹಾರಿಸಿದರು, ಹಳ್ಳಿಯ ಜನರು ಪ್ರಾಣ ಕಳೆದುಕೊಂಡರು. ಹಕ್ಕಿಗಳಿಗಾದರೂ ಒಳ್ಳೆಯದಾಯಿತೇ? ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ಅಲ್ಲೇ ವರ್ಷಗಟ್ಟಲೆ ಕುಳಿತು ಅಧ್ಯಯನ ಮಾಡಿದರು. ಎಮ್ಮೆಗಳು ಮೇಯದೆ ನೀರಿನಲ್ಲಿ ಬೆಳೆಯುವ ಹುಲ್ಲು ಹಬ್ಬಿ, ತೆರೆದ ನೀರು ಮುಚ್ಚಿಹೋಗುತ್ತಿದೆ, ಬಾತುಗಳಂಥ ನೀರುಹಕ್ಕಿಗಳಿಗೆ ಅದರಿಂದ ತೊಂದರೆಯಾಗುತ್ತಿದೆ ಎಂದು ಕಂಡುಕೊಂಡರು. ಎಮ್ಮೆ ಹಕ್ಕಿಯ ಜಾಗ ಕಿತ್ತುಕೊಳ್ಳುತ್ತಿದೆ ಎಂದು ತಿಳಿದಿದ್ದರು. ಅದು ಹಕ್ಕಿಗೆ ಜಾಗ ಬಿಡಿಸಿಕೊಡುತ್ತಿತ್ತು.

ಹಾಗೆಂದು ಎಷ್ಟು ದನ ಬೇಕಾದರೂ, ಎಲ್ಲಿ ಬೇಕಾದರೂ ಬಿಡಬಹುದು ಎಂದು ನಾನು ಹೇಳುತ್ತಿಲ್ಲ. ಟಿಟ್ಟಿಭ, ನದಿ ರೀವದಂಥ ಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಬೇಸಿಗೆಯಲ್ಲಿ ನೀರು ಇಳಿದ ಕೆರೆಯಂಗಳದಲ್ಲಿ ಗೊರಸಿನಡಿ ಮೊಟ್ಟೆ ಒಡೆಯುವುದು ಉಂಟು. ಚಿಕ್ಕ ಕೆರೆಗೆ ದನ ಹೆಚ್ಚಾದರೆ ದಂಡೆ ಕುಸಿಯುತ್ತದೆ, ಸಗಣಿ ಸೇರಿ ನೀರು ಕೆಡುತ್ತದೆ. ಕೆಲವು ಕೆರೆಗಳು ಕಾನೂನಿನಂತೆ ಮೀಸಲು ಪ್ರದೇಶಗಳು, ಅಲ್ಲಿನ ನಿಯಮವನ್ನು ಕೇಳಿಕೊಂಡೇ ದನ ಬಿಡಬೇಕು. ಇವೆಲ್ಲ ನಿಜ. ಇದಕ್ಕೆ ದಾರಿ ಎಂದರೆ ಕೆರೆಯಂಗಳದಲ್ಲಿ ಜಾಗ ಹಂಚಿಕೊಳ್ಳುವುದು. ಹಕ್ಕಿ ಕೂರುವ, ಮೊಟ್ಟೆ ಇಡುವ ಕಡೆ ಬಿಟ್ಟು, ಉಳಿದ ಕಡೆ ಮೇಯಿಸುವುದು. ಯಾವ ಕಡೆ ಎಂದು ಹೇಳಲು ಹೊರಗಿನ ತಜ್ಞರು ಬೇಕಿಲ್ಲ. ಯಾವ ಹಕ್ಕಿ ಕೋಡಿಯ ಹತ್ತಿರ ಕೂರುತ್ತದೆ, ಯಾವುದು ತೂಬಿನ ಹತ್ತಿರ, ಯಾವ ವಾರ ಹೆಬ್ಬಾತುಗಳ ಗದ್ದಲ ನಿಂತಿತು ಎಂದು ದಿನಾ ಹುಲ್ಲು ಕೊಯ್ಯಲು ಹೋಗುವ ನಿಮಗೆ ಚೆನ್ನಾಗಿ ಗೊತ್ತು.

ಈಗ ಹಾಲಿನ ಲೆಕ್ಕಕ್ಕೆ ಬರುತ್ತೇನೆ. ಫೆಬ್ರವರಿ, ಮಾರ್ಚ್ ಎಂದರೆ ಹೊಲದಲ್ಲಿ ಹಸಿರು ಮುಗಿಯುವ ಕಾಲ. ನೀರಾವರಿ ಇದ್ದವರಿಗೆ ನೇಪಿಯರ್ ಹುಲ್ಲು, ಮೇವಿನ ಜೋಳ ಇರುತ್ತದೆ. ತುಂಡು ಜಮೀನೂ ಇಲ್ಲದ ತಂಗಿಗೆ ನೀರು ಹಿಂದೆ ಸರಿದ ಕೆರೆಯಂಗಳದ ಹುಲ್ಲೇ ಹಸಿರು ಮೇವು. ಹಾಲು ಕರೆಯುವ ಎಮ್ಮೆಗೆ ದಿಢೀರನೆ ಹಸಿರು ನಿಲ್ಲಿಸಿ ಒಣಮೇವೊಂದನ್ನೇ ಹಾಕಿದರೆ ಹೊಟ್ಟೆಯಲ್ಲಿ ಮೇವು ಕರಗಿಸುವ ಸೂಕ್ಷ್ಮಜೀವಿಗಳು ಆ ಬದಲಾವಣೆಗೆ ಹೊಂದಿಕೊಳ್ಳಲು ದಿನಗಳು ಬೇಕು. ಹಾಲು ಇಳಿಯುವುದು ಬೇಗ, ಏರುವುದು ನಿಧಾನ. ಬಿಸಿಲಲ್ಲಿ ಕುಡಿಯುವ ನೀರೂ ಅಷ್ಟೇ ಮುಖ್ಯ. ಹಾಲಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ನೀರೇ. ಆದ್ದರಿಂದ 'ಎರಡು ದಿನ ತಾನೇ' ಎಂಬ ಮಾತು ಎರಡು ದಿನಕ್ಕೆ ಮುಗಿಯುವುದಿಲ್ಲ. ಹತ್ತು ದಿನಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಬರುವ ಬಟವಾಡೆಯಲ್ಲಿ ಅದು ಕಾಣುತ್ತದೆ.

ಅದಕ್ಕೇ ಹಬ್ಬ ನಡೆಸುವವರ ಮುಂದೆ ಇಡಲು ಕೆಲವು ಬೇಡಿಕೆಗಳನ್ನು ನಿಮಗಾಗಿ ಬರೆದುಕೊಟ್ಟಿದ್ದೇನೆ.

ಒಂದು, ಹೊತ್ತು ಹೊಂದಿಸಿಕೊಳ್ಳಿ. ಹಕ್ಕಿ ನೋಡಲು ಒಳ್ಳೆಯ ಸಮಯ ಬೆಳಗ್ಗೆ ಆರರಿಂದ ಒಂಬತ್ತು. ನೀವು ಹಾಲು ಕರೆದು, ಡೇರಿಗೆ ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ದನ ಬಿಡುವುದು ಅದಾದ ಮೇಲೆಯೇ. ಇಬ್ಬರ ಹೊತ್ತೂ ಬೇರೆ ಬೇರೆ ಇರುವಾಗ ಜಗಳ ಏತಕ್ಕೆ?

ಎರಡು, ಯಾವುದೋ ಕಾರಣಕ್ಕೆ ಇಡೀ ದಿನ ದನ ಬಿಡಬಾರದು ಎಂದಾದರೆ ಆ ದಿನದ ಹಸಿರು ಮೇವೋ ರಸಮೇವೋ ಒದಗಿಸಿ, ಊರ ಹತ್ತಿರದ ತೊಟ್ಟಿಗೆ ನೀರು ತುಂಬಿಸಿಕೊಡಲಿ. ಶಾಮಿಯಾನಕ್ಕೆ ಹಣ ಇದ್ದರೆ ಮೇವಿಗೂ ಇರಬೇಕು.

ಮೂರು, ಹಬ್ಬದಲ್ಲಿ ರೊಟ್ಟಿ ಬಡಿಯಲು ಮಾತ್ರ ನಿಮ್ಮನ್ನು ಕರೆಯುವುದು ಬೇಡ. ರೊಟ್ಟಿಗೂ ದುಡ್ಡು ಕೊಡಲಿ, ಮಜ್ಜಿಗೆ, ಪೇಡಾ ಮಾರಲು ಸ್ತ್ರೀಶಕ್ತಿ ಸಂಘಕ್ಕೆ ಜಾಗ ಕೊಡಲಿ. ಅದರ ಜೊತೆಗೆ ಬಂದವರಿಗೆ ಕೆರೆ ತೋರಿಸುವ ಕೆಲಸವನ್ನೂ ನಿಮ್ಮಲ್ಲಿ ಕೆಲವರಿಗೆ ಕೂಲಿ ಕೊಟ್ಟು ವಹಿಸಲಿ. ಹಕ್ಕಿಯ ಇಂಗ್ಲಿಷ್ ಹೆಸರು ನಿಮಗೆ ಬಾರದಿದ್ದರೆ ಬೇಡ. ನಿಮ್ಮೂರಿನಲ್ಲಿ ಕರೆಯುವ ಹೆಸರನ್ನು ಅವರು ಬರೆದುಕೊಳ್ಳಲಿ.

ನಾಲ್ಕು, ಅದೇ ದಿನ ಜಾನುವಾರು ಆರೋಗ್ಯ ಶಿಬಿರವನ್ನೂ ಇಡಲಿ. ಮಕ್ಕಳು ದುರ್ಬೀನಿನಲ್ಲಿ ಹೆಬ್ಬಾತು ನೋಡಿದ ಹಾಗೆ ಸೂಕ್ಷ್ಮದರ್ಶಕದಲ್ಲಿ ಸಗಣಿಯೊಳಗಿನ ಜಂತುಹುಳುವಿನ ಮೊಟ್ಟೆ ನೋಡಲಿ. ಎರಡೂ ಕೆರೆಯ ಪಾಠವೇ.

ಇನ್ನು ನಮ್ಮ ಕಡೆಯ ಕೆಲಸ. ನಾವು ಹಕ್ಕು ಕೇಳುವಾಗ ಕೈ ಸ್ವಚ್ಛ ಇರಬೇಕು.

ಉಣ್ಣೆ ಔಷಧದ ವಿಷಯದಲ್ಲಿ ದಯವಿಟ್ಟು ಗಮನ ಕೊಡಿ. ನಾವು ಬಳಸುವ ಸೈಪರ್‌ಮೆತ್ರಿನ್, ಡೆಲ್ಟಾಮೆತ್ರಿನ್ ದನದ ಮೈಗೆ ಸರಿಯಾದ ಪ್ರಮಾಣದಲ್ಲಿ ಹಚ್ಚಿದರೆ ತೊಂದರೆಯಿಲ್ಲ. ಮೀನಿಗೆ, ನೀರಿನ ಹುಳುಗಳಿಗೆ ಮಾತ್ರ ಅವು ಕಡು ವಿಷ. ಔಷಧ ಬೆರೆಸಿದ ಬಕೆಟ್ಟು, ಸಿಂಪಡಿಸುವ ಡಬ್ಬಿಯನ್ನು ಕೆರೆಯಲ್ಲಿ ತೊಳೆಯಬೇಡಿ. ಔಷಧ ಹಚ್ಚಿದ ದನವನ್ನು ಕಡಿಮೆಯೆಂದರೆ ಎರಡು ದಿನ ನೀರಿಗೆ ಇಳಿಸಬೇಡಿ. ತೊಳೆದುಹೋದ ಔಷಧದಿಂದ ಉಣ್ಣೆಯೂ ಸಾಯುವುದಿಲ್ಲ, ನಿಮ್ಮ ದುಡ್ಡೂ ನೀರುಪಾಲು. ಖಾಲಿ ಬಾಟಲಿ, ಸೂಜಿ, ಸಿರಿಂಜುಗಳನ್ನು ಕೆರೆಯ ಕಡೆ ಎಸೆಯಬೇಡಿ. ಸತ್ತ ದನವನ್ನು ಕೆರೆಯಂಗಳಕ್ಕೆ ಎಳೆದು ಬಿಡುವ ರೂಢಿ ಎಲ್ಲೇ ಇದ್ದರೂ ಅದು ನಿಲ್ಲಲಿ.

ಎರಡನೆಯದು ಯಕೃತ್ತಿನ ಚಪ್ಪಟೆ ಹುಳು. ಇದರ ಮೊಟ್ಟೆ ಸಗಣಿಯಿಂದ ನೀರಿಗೆ, ಅಲ್ಲಿಂದ ಸಣ್ಣ ಬಸವನಹುಳುವಿನ ಮೈಯೊಳಗೆ, ಅಲ್ಲಿಂದ ನೀರಂಚಿನ ಹುಲ್ಲಿಗೆ, ಹುಲ್ಲಿನಿಂದ ನಿಮ್ಮ ಎಮ್ಮೆಯ ಹೊಟ್ಟೆಗೆ ಬರುತ್ತದೆ. ದನ ಸೊರಗುವುದು, ಕೂದಲು ಒರಟಾಗುವುದು, ಭೇದಿ, ಹಾಲು ಇಳಿಯುವುದು, ಗದ್ದದ ಕೆಳಗೆ ನೀರು ತುಂಬಿದಂಥ ಊತ, ಇವು ಲಕ್ಷಣಗಳು. ನೀರಿಗೆ ತಾಗಿದ ಹುಲ್ಲನ್ನು ಬಿಟ್ಟು ನಾಲ್ಕು ಹೆಜ್ಜೆ ಮೇಲೆ ಮೇಯಿಸಿ. ನೀರಿನೊಳಗಿನ ಹುಲ್ಲು ಕೊಯ್ದು ತಂದರೆ ಚೆನ್ನಾಗಿ ಬಿಸಿಲಿಗೆ ಒಣಗಿಸಿ ಹಾಕಿ. ಸಗಣಿ ಪರೀಕ್ಷೆ ಮಾಡಿಸಿಯೇ ಔಷಧ ಕೊಡಿಸಿ, ಏಕೆಂದರೆ ಈ ಹುಳುವಿನ ಕೆಲವು ಔಷಧಗಳು ಹಾಲು ಕರೆಯುವ ದನಕ್ಕೆ ಆಗಿಬರುವುದಿಲ್ಲ. ಬಾತುಗಳು ಸಣ್ಣ ಬಸವನಹುಳುಗಳನ್ನೂ ತಿನ್ನುತ್ತವೆ, ಅಷ್ಟರಮಟ್ಟಿಗೆ ಅವು ನಮಗೆ ಸಹಾಯ ಮಾಡುತ್ತವೆ. ಆದರೆ ಬಾತು ಇದೆಯೆಂದು ಔಷಧ ಬಿಡಬೇಡಿ.

ಮೂರನೆಯದು ಹಕ್ಕಿಜ್ವರದ ಭಯ. 2024ರಲ್ಲಿ ಅಮೆರಿಕದ ಹೈನು ಹಸುಗಳಲ್ಲಿ ಹಕ್ಕಿಜ್ವರದ ವೈರಾಣು ಕಂಡುಬಂದ ಸುದ್ದಿ ಕೇಳಿ, ಹಾಗಾದರೆ ಕೆರೆಯ ಹಕ್ಕಿಗಳನ್ನು ಓಡಿಸಬೇಕಲ್ಲವೇ ಎಂದು ಯಾರಾದರೂ ಹೇಳಬಹುದು. ಓಡಿಸಿದರೆ ಹಕ್ಕಿ ಇನ್ನೊಂದು ಕೆರೆಗೆ ಹೋಗುತ್ತದೆ, ರೋಗವಿದ್ದರೆ ಅದೂ ಹೋಗುತ್ತದೆ. ಮಾಡಬೇಕಾದ್ದು ಇಷ್ಟೇ. ಸತ್ತ ಅಥವಾ ಕುತ್ತಿಗೆ ತಿರುಚಿ ತೂಗಾಡುವ ಹಕ್ಕಿ ಕಂಡರೆ ಕೈಯಿಂದ ಮುಟ್ಟಬೇಡಿ, ಮಕ್ಕಳನ್ನು, ನಾಯಿಯನ್ನು ಹತ್ತಿರ ಬಿಡಬೇಡಿ. ಹತ್ತಿರದ ಪಶು ಆಸ್ಪತ್ರೆಗೆ, ಅರಣ್ಯ ಇಲಾಖೆಗೆ ತಿಳಿಸಿ. ಮನೆಯ ಕೋಳಿಗಳನ್ನು ಕೆರೆಯ ಕಡೆ ಬಿಡಬೇಡಿ. ಹಾಲನ್ನು ಯಾವಾಗಲೂ ಕಾಯಿಸಿಯೇ ಕುಡಿಯಿರಿ. ಇದನ್ನು ನಾವು ಬೇರೆ ಹತ್ತು ರೋಗಗಳಿಗೂ ಹೇಳುತ್ತಲೇ ಬಂದಿದ್ದೇವೆ.

ಕೊನೆಗೆ, ಸಭೆಯಲ್ಲಿ ಕೂರುವ ಮಾತು. ಮಾಗಡಿ ಕೆರೆಯಂತೆ ಸಂರಕ್ಷಣಾ ಮೀಸಲು ಎಂದು ಘೋಷಿಸಿದ ಕಡೆ ಒಂದು ನಿರ್ವಹಣಾ ಸಮಿತಿ ಇರಬೇಕು ಎಂದು ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಅದರಲ್ಲಿ ಆ ಪ್ರದೇಶ ಸೇರುವ ಪ್ರತಿ ಗ್ರಾಮ ಪಂಚಾಯಿತಿಯ ಒಬ್ಬ ಪ್ರತಿನಿಧಿಗೆ ಜಾಗವಿದೆ. ಪಶುಸಂಗೋಪನಾ ಇಲಾಖೆಯ ಒಬ್ಬರಿಗೂ ಇದೆ. ಅಂದರೆ ದನದ ಮಾತು ಆಡಲು ಕಾನೂನೇ ಬಾಗಿಲು ತೆರೆದಿಟ್ಟಿದೆ. ಪಂಚಾಯಿತಿಯಿಂದ ಯಾರು ಹೋಗುತ್ತಾರೆ ಎಂದು ಕೇಳಿ. ನಿಮ್ಮ ಮಹಿಳಾ ಸಂಘದ ಸದಸ್ಯೆಯೇ ಪಂಚಾಯಿತಿಯಲ್ಲಿದ್ದರೆ ಅವರನ್ನೇ ಕಳಿಸಿ ಎನ್ನಿ. ನಿಮ್ಮೂರಿನದು ಹೆಸರಿಲ್ಲದ ಸಣ್ಣ ಕೆರೆಯಾದರೆ ಗ್ರಾಮಸಭೆ ಇದ್ದೇ ಇದೆ.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಮಗಳು ಎಂದು ಊರವರು ಆ ಹಕ್ಕಿಗಳನ್ನು ಕಾಣುತ್ತಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಆ ಊರಿನಿಂದ ಜನರನ್ನಾಗಲಿ ದನವನ್ನಾಗಲಿ ಎಬ್ಬಿಸಿ ಹಕ್ಕಿ ಉಳಿಸಲಿಲ್ಲ. ಮಗಳು ಬಂದಳೆಂದು ತವರಿನ ದನವನ್ನು ಯಾರಾದರೂ ಕೊಟ್ಟಿಗೆಯಿಂದ ಹೊರಗೆ ಅಟ್ಟುತ್ತಾರೆಯೇ? ಅವಳು ಬಂದಾಗ ಮನೆಯಲ್ಲಿ ಹಾಲು ಇರಬೇಕಲ್ಲ.

ಮುಂದಿನ ತಿಂಗಳ ಸಂಘದ ಸಭೆಯಲ್ಲಿ ಹಾಲಿನ ದರ, ಹಿಂಡಿ ಚೀಲದ ಮಾತು ಮುಗಿದ ಮೇಲೆ ಹತ್ತು ನಿಮಿಷ ಕೆರೆಯ ಮಾತಿಗೆ ಇಟ್ಟುಕೊಳ್ಳಿ. ಈ ವರ್ಷ ನಿಮ್ಮೂರಲ್ಲಿ ಹಕ್ಕಿ ಹಬ್ಬ ಇದೆಯೇ, ಯಾವ ದಿನ, ದನದ ವಿಷಯದಲ್ಲಿ ಏನು ತೀರ್ಮಾನವಾಗಿದೆ, ಯಾರು ಮಾಡಿದರು ಎಂದು ಕೇಳಿ ನಡಾವಳಿ ಪುಸ್ತಕದಲ್ಲಿ ಬರೆಸಿ. ಸಭೆಗೆ ನಮ್ಮನ್ನೂ ಕರೆದರೆ ಖಂಡಿತ ಬರುತ್ತೇವೆ. ಹಬ್ಬದ ದಿನ ಬೆಳಗ್ಗೆ ಹಾಲು ಹಾಕಿ ಬಂದವರು ಹಾಗೆಯೇ ಏರಿಯ ಮೇಲೂ ಬನ್ನಿ. ಆರು ತಿಂಗಳಿಂದ ನೋಡುತ್ತಿರುವ ಹಕ್ಕಿಯನ್ನು ಒಮ್ಮೆ ದುರ್ಬೀನಿನಲ್ಲಿ ನೋಡಿ. ಮನೆಯ ನಾಯಿಯನ್ನು ಮಾತ್ರ ಕಟ್ಟಿ ಬನ್ನಿ.